ಕೊಂಡಿ ಹಾಕಲು ಇಬ್ಬರು

ಇಳಕಲ್ಲ
5 ಆಗಸ್ಟ್ 2024

ಪ್ರೀತಿಯ ಖುಶನುಮಾಗೆ,

ನಾಸೀರನ ಸಲಾಮು. ನಿನ್ನ ಕಾಗದ ಬಂದು ಹತ್ತು ದಿನವಾಯಿತು, ತಡ ಮಾಡಿದೆ, ಸಿಟ್ಟಾಗಬೇಡ. ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಿನ್ನ ದನಿ ಕೇಳಿದರೆ ಸಾಹಿಲ ಅಡುಗೆಮನೆ, ಹಿತ್ತಲು, ಮಂಚದ ಕೆಳಗೆ ಎಲ್ಲ ಹುಡುಕಿ, ನೀನು ಸಿಗದಿದ್ದಾಗ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಾನೆ. ಅದಕ್ಕೇ ಬರೆಯುತ್ತಿದ್ದೇನೆ. ಬಾದಾಮಿಯಲ್ಲಿ ನಿನ್ನ ಅಮ್ಮನ ಮುರಿದ ಕಾಲು ಹೇಗಿದೆ? ಕೋಲು ಹಿಡಿದು ನಾಲ್ಕು ಹೆಜ್ಜೆ ಇಡುತ್ತಾರೋ?

ಹೋಗುವಾಗ ನೀನು ಹೇಳಿದ್ದೆ: "ಒಂಬತ್ತ ವರ್ಷದಾಗ ಒಂದ ದಿನಾ ಮಗಗ ಊಟಾ ಮಾಡ್ಸಿಲ್ಲ ನೀವು. ಒಂದ ತಿಂಗಳ ನೋಡ್ತೇನಿ, ಆಗಲಿಲ್ಲಂದ್ರ ಬಂದು ಕರ್ಕೊಂಡ ಹೋಗ್ತೇನಿ." ನಿನ್ನ ಮಾತು ಖರೆ. ಮೊದಲ ವಾರ ಅವನಿಗೂ ನನಗೂ ಜಗಳವೇ. ಅನ್ನಕ್ಕೆ ಸಾರು ತಾಗಿದರೆ ತಾಟು ದೂಡುತ್ತಿದ್ದ. ಮುಟ್ಟಿದರೆ ಚೀರುತ್ತಿದ್ದ. ಪಕ್ಕದ ಮನೆಯ ಶಮಶಾದಬಿ ಬಾಗಿಲಲ್ಲಿ ನಿಂತು, "ಮಗ್ಗದ ಮ್ಯಾಲಿನ ಎಳಿ ಕಡದರ ಎಷ್ಟ ಸಮಾಧಾನದಿಂದ ಗಂಟ ಹಾಕ್ತಿ ನಾಸೀರ! ಮಗನ ಮುಂದ ಯಾಕ ಹಿಂಗ ಒದರತೀಯೋ?" ಎಂದು ಬೈದಳು.

ಆಮೇಲೆ ಸೀರೆಯ ಒಡಲಿಗೆ ಸೆರಗು ಜೋಡಿಸುವ ದಿನ ಬಂತು. ಕೆಂಪು ರೇಷ್ಮೆಯ ಒಂದೊಂದು ಎಳೆಯನ್ನೂ ಒಡಲಿನ ಎಳೆಗೆ ಕೊಂಡಿ ಹಾಕಲು ಎದುರಿಗೊಬ್ಬರು ಬೇಕು. ಇಷ್ಟು ವರ್ಷ ನೀನು ಕೂರುತ್ತಿದ್ದೆ. ಶಮಶಾದಬಿಗೆ ಕಣ್ಣು ಮಂಜು. ಒಬ್ಬನೇ ಹೆಣಗುತ್ತಿದ್ದೆ. ಸಾಹಿಲ ಬಂದು ನಿನ್ನ ಜಾಗದಲ್ಲಿ, ನಿನ್ನ ಹಾಗೇ ಕಾಲು ಮಡಚಿ ಕೂತ. ನಾನು ಎಳೆ ಮಡಚಿ ಚಾಚಿದೆ. ಅವನು ತನ್ನ ಎಳೆಯನ್ನು ಅದರೊಳಗೆ ತೂರಿಸಿದ. ಬೆರಳಿಗೆ ಬೆರಳು ತಾಕಲಿಲ್ಲ. ಅವನಿಗೆ ಬೇಕಾಗಿದ್ದು ಅದೇ ಏನೋ.

ಜಾಣ ನೇಕಾರನಾದ ಎಂದುಕೊಳ್ಳಬೇಡ. ಅರ್ಧಕ್ಕರ್ಧ ತಪ್ಪಿಸಿದ, ಬಿಚ್ಚಿ ಮತ್ತೆ ಹಾಕಿದೆವು. ನಿನ್ನ ಒಂದು ದಿನದ ಕೆಲಸ ನಮಗೆ ನಾಲ್ಕು ದಿನ ಹಿಡಿಯಿತು. ಮೂರನೆಯ ದಿನ ನಾನು ಕೆಲಸದ ನಡುವೆ ಎದ್ದಾಗ ನನ್ನ ಅಂಗಿಯ ತೋಳು ಹಿಡಿದು, "ಇನ್ನಾ ಮುಗದಿಲ್ರಿ, ಕೂಡ್ರಿ" ಎಂದ. ನಿನ್ನದೇ ದನಿ. ಕೇಳಿದ್ದನ್ನು ಕೇಳಿದ ಹಾಗೇ ಮರಳಿ ಹೇಳುತ್ತಾನೆ, ಅದು ಅವನ ಸ್ವಂತ ಮಾತಲ್ಲ, ಗೊತ್ತು. ಆದರೂ ಕೂತೆ.

ಈಗ ಒಂದು ತಾಟಿನಲ್ಲಿ ಅನ್ನ, ಬಟ್ಟಲಲ್ಲಿ ಸಾರು. ಉಣ್ಣುತ್ತಾನೆ. ಈ ಶುಕ್ರವಾರ ಅವನನ್ನು ಕರೆದೊಯ್ಯಲು ಬರುತ್ತೇನೆಂದು ಬರೆದಿದ್ದೀಯಲ್ಲ, ಬರಬೇಡ. ಅಮ್ಮ ನಡೆಯುವ ತನಕ ಅಲ್ಲೇ ಇರು. ಮಗ ನನ್ನ ಹತ್ತಿರ ಇರಲಿ.

ಅಲ್ಲಾಹ ನಿಮ್ಮಿಬ್ಬರನ್ನೂ ಸುಖವಾಗಿಡಲಿ.

ನಿನ್ನ
ನಾಸೀರ

ತಾ.ಕ.: ಮೊನ್ನೆ ರೇಷ್ಮೆ ಕೊಡಲು ಬಸಯ್ಯ ಸಾವಕಾರರು ಬಂದಿದ್ದರು. ಸಾಹಿಲನನ್ನು ನೋಡಿ, "ಯಾರ ಮಗನೋ ನೀ?" ಎಂದರು. ಅವನು ನನ್ನ ದನಿಯಲ್ಲಿ, "ಯಾರ ಮಗನೋ ಏನೋ, ನನಗ ಗೊತ್ತಿಲ್ರಿ" ಎಂದ. "ಭಾರಿ ಮಜಾಕ ಮಾಡ್ತಾನಲೇ ನಾಸೀರ ನಿನ್ನ ಮಗಾ" ಎಂದು ಸಾವಕಾರರು ನಕ್ಕರು.

ಅದು ನಾನು ಆಡಿದ ಮಾತು, ಖುಶನುಮಾ. ಹೋದ ವರ್ಷ ನಿನಗೆ ಜ್ವರ ಬಂದಿದ್ದಾಗ ಅವನನ್ನು ನಾನೊಬ್ಬನೇ ಹುನಗುಂದದ ದವಾಖಾನೆಗೆ ಒಯ್ದಿದ್ದೆ. ಮರಳಿ ಬರುವಾಗ ಬಸ್ಸಿನಲ್ಲಿ ಅವನು ಚೀರಾಡಿದ. ಒಬ್ಬ ಹೆಣ್ಣುಮಗಳು ಯಾರ ಮಗ ಇವನು ಎಂದು ಕೇಳಿದಾಗ, ನಾನು ಎರಡು ಸೀಟು ಮುಂದೆ ಸರಿದು ಹಾಗೆ ಹೇಳಿದೆ. ಇದನ್ನು ಓದಿದ ಮೇಲೂ ಅವನನ್ನು ನನ್ನ ಹತ್ತಿರ ಬಿಡುತ್ತೀಯೋ ಇಲ್ಲವೋ, ನೀನೇ ಹೇಳು. ಮೊನ್ನೆಯಿಂದ ದಿನಕ್ಕೆ ಹತ್ತು ಸಲ ಅವನ ಮುಂದೆ "ಇವಾ ನನ್ನ ಮಗಾರಿ" ಎನ್ನುತ್ತಿದ್ದೇನೆ. ಇನ್ನೂ ಅವನ ಬಾಯಿಗೆ ಬಂದಿಲ್ಲ.