ಅಪ್ಪಣೆಯಾಗುವವರೆಗೆ ನೆಲದ ಮೇಲೆ

ಜೂನ್ 9, ಸೋಮವಾರ. ಬೆಳಗ್ಗೆ.

ವಕೀಲಿ ಸಂಸ್ಥೆಗಳಿಗೆ ಇನ್ನೊಂದಿಷ್ಟು ಅರ್ಜಿ ಹೋದವು. "ತಮ್ಮ ಘನ ಸಂಸ್ಥೆಯಲ್ಲಿ ಕಲಿಯಬೇಕೆಂಬ ಬಹುಕಾಲದ ಹಂಬಲ..." ಅದೇ ಹಂಬಲ, ಎಲ್ಲರಿಗೂ ಒಂದೇ ಅಳತೆ. ಕಳೆದ ವಾರ ಒಂದು ಸಂಸ್ಥೆಗೆ ಬರೆದು ಇನ್ನೊಂದರ ಹೆಸರಿನಲ್ಲಿ ಹಂಬಲಿಸಿದ್ದೆ. ಉತ್ತರ ಬಂದಿಲ್ಲ. ಸಹಜ.

ಕರೆಂಟ್ ಹೋಯಿತು. ಪಕ್ಕದ ಮನೆಯ ಜನರೇಟರ್ ಗುಡುಗುತ್ತಿದೆ. ಇಬಾದಾನಿನ ಲಾ ಕಾಲೇಜಿಗೆ ರಜೆ ಬಿಟ್ಟಾಗಿನಿಂದ ಲೇಗೊಸಿನ ಸುರುಲೆರೆಯಲ್ಲಿ ಮೊಜಿ ಅಕ್ಕನ ಸೋಫಾ ನನ್ನ ಅಧಿಕೃತ ವಿಳಾಸ. ದೊಡ್ಡಮ್ಮನ ಮಗಳು. ಬ್ಯಾಂಕಿನಲ್ಲಿ ಕೆಲಸಕ್ಕೆ ಜನರನ್ನು ಆರಿಸುವ ವಿಭಾಗ. ಆದ್ದರಿಂದ ನನ್ನನ್ನೂ ದಿನಕ್ಕೊಮ್ಮೆ ತಿರಸ್ಕರಿಸುತ್ತಾಳೆ. ಅಭ್ಯಾಸಕ್ಕಂತೆ.

ವ್ಯಾಜ್ಯದ ಸಾರಾಂಶ ಇಷ್ಟು. ಜುಲೈ ಮೊದಲ ವಾರದೊಳಗೆ ಇಲ್ಲಿ ಎಲ್ಲಾದರೂ ಇಂಟರ್ನ್‌ಶಿಪ್ ಸಿಗಬೇಕು. ಇಲ್ಲದಿದ್ದರೆ ಒಶೊಗ್ಬೊ — ಸೋದರಮಾವನ ವಕೀಲಿ ಆಫೀಸು. ಹೋದ ವರ್ಷ ಅಲ್ಲಿ ಕಲಿತ ಕಾನೂನು: ಕಪ್ಪು ಗೌನು ಇಸ್ತ್ರಿ ಮಾಡುವಾಗ ತೋಳಿನಿಂದ ಶುರು ಮಾಡಬೇಕು. ಈ ಸಲ ಬಾಗಿಲ ಪಕ್ಕ ನನಗೊಂದು ಮೇಜು ಹಾಕಿಸಿದ್ದಾರಂತೆ. ಎರಡು ತಿಂಗಳಿಗೆಂದು ಯಾರೂ ಮೇಜು ಹಾಕಿಸುವುದಿಲ್ಲ. ಜೀವಮಾನಕ್ಕೆ ಹಾಕಿಸುತ್ತಾರೆ.

ಜೂನ್ 11, ಬುಧವಾರ.

ಇಕೊಯಿ ಬಡಾವಣೆಯ ಒಂದು ಸಂಸ್ಥೆಯಿಂದ ಕರೆ. ಸಂದರ್ಶನ ಮಂಗಳವಾರ. ಮೊಜಿ ಅಕ್ಕನ ಕೈಯಲ್ಲಿ ತರಬೇತಿ ಆರಂಭ.

ನನ್ನ ಕಾಯಿಲೆ ವಿಚಿತ್ರದ್ದು. ಹೆದರಿಕೆಯಾದರೆ ಬೇರೆಯವರಿಗೆ ಅಂಗೈ ಬೆವರುತ್ತದೆ. ನನಗೆ ಮಂಡಿ ಸಡಿಲವಾಗಿ ಇಡೀ ದೇಹ ನೆಲಕ್ಕೆ ಹೋಗುತ್ತದೆ. ತಪ್ಪು ಅಪ್ಪನದು. ಲೇಗೊಸಿನಲ್ಲಿ ನಮ್ಮ ಯೊರುಬಾ ಜನರ ಹುಡುಗರು ಹಿರಿಯರನ್ನು ಕಂಡರೆ ಬೆರಳ ತುದಿಯಲ್ಲಿ ನೆಲ ಮುಟ್ಟಿದ ಹಾಗೆ ಮಾಡಿ ಮುಂದೆ ಹೋಗುತ್ತಾರೆ. ನಮ್ಮಪ್ಪ ನಿವೃತ್ತ ಹೆಡ್‌ಮಾಸ್ತರರು. ಅವರಲ್ಲಿ ರಿಯಾಯಿತಿ ಇಲ್ಲ. ಉದ್ದಕ್ಕೆ ಬೀಳಬೇಕು, ಎದೆ ನೆಲಕ್ಕೆ ತಾಗಬೇಕು, "ಏಳು ಮಗ" ಎನ್ನುವವರೆಗೆ ಏಳಕೂಡದು. ಒಮ್ಮೆ ಪೇಪರ್ ಓದುತ್ತಾ ಮರೆತುಬಿಟ್ಟಿದ್ದರು. ನೆಲದ ಮೇಲೆಯೇ ನಿದ್ದೆ ಹೋಗಿದ್ದೆ.

"ಕೈ ಕೊಡು," ಅಂದಳು ಮೊಜಿ ಅಕ್ಕ.

"ದೊಡ್ಡವರಿಗೆ ನಾನೇ ಮೊದಲು ಕೈ ಚಾಚೋದಾ ಅಕ್ಕ?"

"ಅಲ್ಲಿ ದೊಡ್ಡವರು ಚಿಕ್ಕವರು ಅಂತ ಇಲ್ಲ ಕಣೋ. ಎಲ್ಲಾ ಪ್ರೊಫೆಷನಲ್ಸ್. ಕಣ್ಣಲ್ಲಿ ಕಣ್ಣಿಡು. ... ಹಾಗಲ್ಲ. ಚೆಕ್‌ಪೋಸ್ಟ್ ಪೊಲೀಸ್ ಥರ ನೋಡ್ತಿದೀಯ. ಡಿಕ್ಕಿ ತೆಗೀ ಅಂತ ಕೇಳೋ ಹಾಗಿದೆ."

ಊಟಕ್ಕೆ ಮೊದಲು ಹದಿನೈದು ನಿಮಿಷ ಕೈಕುಲುಕು. ಆಮೇಲೆ ಆ ಕೈಯಲ್ಲೇ ಎಬಾ ಮುದ್ದೆ ತಿಂದೆ. ಬೆರಳು ನೋಯುತ್ತಿತ್ತು.

ಜೂನ್ 17, ಮಂಗಳವಾರ. ಸಂಜೆ.

ಸಂದರ್ಶನ ಮುಗಿಯಿತು. ಎಷ್ಟು ಬೇಗ ಮುಗಿಯಿತೆಂದರೆ ಹೋಗುವಾಗ ಹತ್ತಿದ್ದ ಹಳದಿ ಮಿನಿಬಸ್ಸೇ ವಾಪಸಿಗೂ ಸಿಕ್ಕಿತು.

ಮುಖ್ಯಸ್ಥರೇ ಬಂದರು. ಬಿಳಿ ಗಡ್ಡ, ನಮ್ಮ ಕಡೆಯ ಟೋಪಿ. ಮಂಡಿ ಸಡಿಲವಾಯಿತು. ತಡೆದೆ. ಎದೆಯುಬ್ಬಿಸಿ, ಕಣ್ಣಲ್ಲಿ ಕಣ್ಣಿಟ್ಟು, ಕೈ ಚಾಚಿದೆ.

ಅವರು ಆ ಕೈಯನ್ನು ನೋಡಿದರು. ನಿನ್ನೆಯ ಮೀನನ್ನು ಇವತ್ತಿನದೆಂದು ತೋರಿಸಿದರೆ ಅಮ್ಮ ನೋಡುವ ಹಾಗೆ.

"ಯಾರ ಮಗನಪ್ಪ ನೀನು?"

"ಇಬಾದಾನಿನ ಹೆಡ್‌ಮಾಸ್ತರ್ ಅದೆಗೊಕೆ ಅವರ ಮಗ, ಸರ್. ಫೊಲಾರಿನ್."

"ಓ. ಅವರು ಗೊತ್ತು ನನಗೆ. ಆರೋಗ್ಯವಾಗಿದ್ದಾರಾ?"

"ಇದ್ದಾರೆ ಸರ್."

"ನೀನು ಹಿರಿಯರ ಮುಂದೆ ಹೀಗೆ ಕೈ ಚಾಚ್ತೀಯ ಅಂತ ಗೊತ್ತಾ ಅವರಿಗೆ? ಗೊತ್ತಾದ ಮೇಲೂ ಆರೋಗ್ಯವಾಗಿರ್ತಾರಾ?"

ಕೈ ಇನ್ನೂ ಗಾಳಿಯಲ್ಲೇ ಇತ್ತು. ಯಾವಾಗ ಇಳಿಸಬೇಕೆಂದು ಅಕ್ಕ ಹೇಳಿಕೊಟ್ಟಿರಲಿಲ್ಲ.

ಜೂನ್ 18, ಬುಧವಾರ.

ಅಪ್ಪನ ಫೋನ್. "ಕೈ ಚಾಚಿದೆಯಂತೆ." ಇಷ್ಟೇ. ಇಟ್ಟುಬಿಟ್ಟರು. ಈ ದೇಶದಲ್ಲಿ ನನ್ನ ಅರ್ಜಿಗಿಂತ ಚಾಡಿ ಬೇಗ ತಲುಪುತ್ತದೆ.

"ಮುದುಕಪ್ಪನೇ ಬರ್ತಾರೆ ಅಂತ ನನಗೇನು ಕನಸು ಬಿದ್ದಿತ್ತಾ?" ಅಂದಳು ಅಕ್ಕ. ಬಾಳೆಹಣ್ಣು ಹುರಿದುಕೊಟ್ಟಳು. ಅಪರಾಧಿ ಪ್ರಜ್ಞೆ ಇದ್ದಾಗ ಎಣ್ಣೆ ಜಾಸ್ತಿ ಹಾಕುತ್ತಾಳೆ.

ಜುಲೈ 1, ಮಂಗಳವಾರ.

ಬರೆಯಲು ಏನೂ ಇರಲಿಲ್ಲ. ಮೇಲ್ ನೋಡುವುದು, ನೋಡಿ ಮುಚ್ಚುವುದು.

ಇವತ್ತು ಎರಡು ಸಂಗತಿ. ಮಾವನ ಫೋನ್ — "ಸೋಮವಾರ ಬಸ್ ಹತ್ತಿಬಿಡು. ಮೇಜಿಗೆ ವಾರ್ನಿಶ್ ಹೊಡೆಸಿದೀನಿ." ಮತ್ತು ಒಂದು ಮೇಲ್. ವಿಕ್ಟೋರಿಯಾ ಐಲೆಂಡಿನ ಸಂಸ್ಥೆ, ಸಂದರ್ಶನ ಗುರುವಾರ. ಇದೇ ಕೊನೆಯದು.

ಕೈ ಚಾಚಿ ಕೆಟ್ಟಿದ್ದಾಯಿತು. ಈ ಸಲ ಏನೂ ನಿರ್ಧರಿಸುವುದಿಲ್ಲ. ಎಲ್ಲ ದೇಹಕ್ಕೆ ಬಿಟ್ಟದ್ದು.

ಜುಲೈ 3, ಗುರುವಾರ. ಸಂಜೆ.

ದೇಹ ನಿರ್ಧರಿಸಿತು.

ಗಾಜಿನ ಕೋಣೆ. ಬಾಗಿಲು ತೆರೆದು ಇಬ್ಬರು ಒಳಗೆ ಬಂದರು. ಮೇಡಂ ಎಜಿಂಡು, ಪೂರ್ವದ ಇಗ್ಬೊ ಹೆಂಗಸು. ಹಿಂದೆ ಮಿಸ್ಟರ್ ಬ್ರಿಗ್ಸ್, ಪೋರ್ಟ್ ಹಾರ್ಕೋರ್ಟಿನ ಕಡೆಯವರು. ಇಬ್ಬರೂ ಯೊರುಬಾ ಅಲ್ಲ. ಮುಖ ಸರಿಯಾಗಿ ನೋಡುವ ಮೊದಲೇ ನಾನು ಅವರ ಚಪ್ಪಲಿ, ಬೂಟು ನೋಡುತ್ತಿದ್ದೆ. ಎದೆ ನೆಲಕ್ಕೆ ತಾಗಿತ್ತು. ನೋಡಿದ್ದರೆ ಅಪ್ಪ ಪೂರ್ತಿ ಅಂಕ ಕೊಡುತ್ತಿದ್ದರು.

"ಏನಾದ್ರೂ ಬಿತ್ತಾ?" ಬ್ರಿಗ್ಸ್ ಧ್ವನಿ.

"ಇಲ್ಲ ಸರ್."

"ಹುಷಾರಿದೀಯಾ?"

"ಇದ್ದೀನಿ ಸರ್."

"ನಮಸ್ಕಾರ ಮಾಡ್ತಿದಾನೆ ಕಣ್ರೀ," ಅಂದರು ಮೇಡಂ. "ಯೊರುಬಾ ಹುಡುಗ. ಮುಗಿದ ಮೇಲೆ ಏಳ್ತಾನೆ ಬಿಡಿ."

ಬೀಳುತ್ತಾರೆಂದು ಅವರಿಗೆ ಗೊತ್ತಿತ್ತು. ಎಬ್ಬಿಸಬೇಕೆಂದು ಗೊತ್ತಿರಲಿಲ್ಲ. ನನ್ನದು ಮುಗಿಯಲಿ ಎಂದು ಅವರು ಕಾದರು. ಅಪ್ಪಣೆಯಾಗಲಿ ಎಂದು ನಾನು ಕಾದೆ. ಎ.ಸಿ. ಗುಂಯ್‌ಗುಡುತ್ತಿತ್ತು. ಟೈಲ್ಸ್ ತಂಪಾಗಿತ್ತು. ಯಾರೋ ಪುಟ ತಿರುವಿದರು.

"ಇನ್ನೂ ಎಷ್ಟೋ ಜನ ಹೊರಗೆ ಕಾಯ್ತಿದಾರೆ ಮೇಡಂ," ಅಂದರು ಬ್ರಿಗ್ಸ್. "ಹೀಗೇ ಶುರು ಮಾಡೋಣ. ಏನಪ್ಪ, ಒಬ್ಬ ಇನ್ನೊಬ್ಬನಿಗೆ ಪತ್ರ ಬರೀತಾನೆ — ನಿನ್ನ ಕುದುರೆ ಕೊಂಡ್ಕೋತೀನಿ, ನೀನು ಏನೂ ಹೇಳ್ದಿದ್ರೆ ಒಪ್ಪಿದ ಹಾಗೇ ಅಂತ. ಇವನು ಸುಮ್ಮನಿರ್ತಾನೆ. ಒಪ್ಪಂದ ಆಯ್ತಾ?"

ನೆಲದ ಮಟ್ಟದಲ್ಲಿ ಕಣ್ಣುಗಳಿರುವುದಿಲ್ಲ. ಎಷ್ಟೋ ತಿಂಗಳ ಮೇಲೆ ನನ್ನ ಧ್ವನಿ ನನ್ನದೇ ಅನ್ನಿಸಿತು.

"ಇಲ್ಲ ಸರ್. ನಡತೆಯಲ್ಲಿ ಒಪ್ಪಿಗೆ ಕಂಡ್ರೆ ಬೇರೆ ಮಾತು. ಬರೀ ಸುಮ್ಮನಿದ್ದ ಮಾತ್ರಕ್ಕೆ ಒಪ್ಪಿದ ಅಂತ ಅರ್ಥ ಮಾಡಕ್ಕಾಗಲ್ಲ. ಈಗ ಏಳೋ ಅಪ್ಪಣೆ ಬಗ್ಗೆ ತಾವಿಬ್ಬರೂ ಆಗ್ಲಿಂದ ಏನೂ ಹೇಳಿಲ್ಲ. ಅದಕ್ಕೇ ನಾನಿನ್ನೂ ಎದ್ದಿಲ್ಲ."

ಪುಟ ತಿರುವುವುದು ನಿಂತಿತು.

"ಅಯ್ಯೋ ದೇವರೇ. ನಾವು ಹೇಳ್ಬೇಕಾ?"

"ಹೌದು ಮೇಡಂ."

"ಏನಂತ?"

"ಏಳು ಅಂದ್ರೆ ಸಾಕು ಮೇಡಂ. ಆಶೀರ್ವಾದ ಐಚ್ಛಿಕ."

ಮೇಡಂ ಹೇಳಿದರು. ಎದ್ದೆ. ಟೈ ಮೇಲೆ ಧೂಳು. ಕುರ್ಚಿಯಲ್ಲಿ ಕೂತ ಮೇಲೆ ಕೊಟ್ಟ ಉತ್ತರಗಳನ್ನು ಇಲ್ಲಿ ದಾಖಲಿಸುವುದಿಲ್ಲ.

ಜುಲೈ 5, ಶನಿವಾರ.

ಬ್ಯಾಗು ತುಂಬಿ ಮುಗಿದಿತ್ತು. ಮೇಡಂ ಎಜಿಂಡು ಫೋನ್ ಮಾಡಿದರು. ಸೋಮವಾರ ಬಾ, ಎರಡು ತಿಂಗಳು. ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡೆ.

ಮಾವನಿಗೆ ಹೇಳಿದೆ.

"ಒಳ್ಳೇದು. ಮೇಜೇನೂ ಓಡಿಹೋಗಲ್ಲ. ಆ ದೊಡ್ಡ ಆಫೀಸುಗಳಲ್ಲಿ ಹುಡುಗರನ್ನ ಜೆರಾಕ್ಸ್ ಮಾಡಕ್ಕೆ ಇಟ್ಕೋತಾರೆ. ಬೇಜಾರಾದಾಗ ಬಾ."

ಸಿಟ್ಟು ಬರಬೇಕಿತ್ತು. ಬರಲಿಲ್ಲ. ಬ್ಯಾಗಿನಿಂದ ಬಟ್ಟೆ ತೆಗೆದಿಟ್ಟೆ. ಎಲ್ಲವನ್ನೂ ಅಲ್ಲ.

ಜುಲೈ 7, ಸೋಮವಾರ.

ಮೊದಲ ದಿನ. ಮೇಡಂ ಕೋಣೆಗೆ ಕರೆದರು. ಬೀಳುವ ಮೊದಲೇ "ಏಳು, ಏಳು" ಅಂದುಬಿಟ್ಟರು. ಮುಂಗಡ ಅಪ್ಪಣೆ.

"ನಿನ್ನನ್ನ ಯಾಕೆ ತಗೊಂಡ್ವಿ ಗೊತ್ತಾ?"

"ಆ ಕುದುರೆ ಉತ್ತರಕ್ಕಾ ಮೇಡಂ?"

"ಅದನ್ನ ಎಲ್ಲರೂ ಹೇಳಿದ್ರಪ್ಪ. ಕುರ್ಚಿ ಮೇಲೆ ಕೂತ್ಕೊಂಡು."

ಕಾರಣ ಬೇರೆ. ಎಪೆ ಕಡೆಯ ಒಂದು ಯೊರುಬಾ ಕುಟುಂಬ. ಜಮೀನಿನ ಕೇಸು. ಯಾರೋ ಕಿರಿಯವನು ಇಡೀ ಮನೆತನದ ನೆಲ ಮಾರಿದ್ದಾನೆ. ಹೋದ ಸಲ ಹಿರಿಯರೆಲ್ಲ ಬಂದಾಗ ಬ್ರಿಗ್ಸ್ ಎಲ್ಲರಿಗಿಂತ ಹಿರಿಯ ಅಜ್ಜಿಗೆ ಕೈ ಚಾಚಿದರಂತೆ. ಅಜ್ಜಿ ಆಮೇಲೆ ಬಾಯಿ ಬಿಡಲಿಲ್ಲ. ಶುಕ್ರವಾರ ಮತ್ತೆ ಬರುತ್ತಾರೆ. ಇದೂ ಕೆಟ್ಟರೆ ಬೇರೆ ವಕೀಲರ ಹತ್ತಿರ ಹೋಗುತ್ತಾರೆ.

"ನೀನು ಬಾಗಿಲಲ್ಲಿ ಬಿದ್ದುಬಿಡು. ಉಳಿದದ್ದು ನಾವು ನೋಡ್ಕೋತೀವಿ."

ಅಂದರೆ ಆಯ್ಕೆಯಾದದ್ದು ನಾನಲ್ಲ, ನನ್ನ ಮಂಡಿ. ಒಶೊಗ್ಬೊದಲ್ಲಿ ಇಸ್ತ್ರಿ, ಇಲ್ಲಿ ಬೀಳುವುದು. ಬಡ್ತಿಯೋ ಹಿಂಬಡ್ತಿಯೋ, ತಿಳಿದವರೇ ಹೇಳಬೇಕು.

ಜುಲೈ 11, ಶುಕ್ರವಾರ. ಸಂಜೆ.

ವಾರವೆಲ್ಲ ಜೆರಾಕ್ಸ್. ಇವತ್ತು ಎಪೆಯವರು ಬಂದರು. ತಲೆಗೆ ಸುತ್ತಿದ ದೊಡ್ಡ ವಸ್ತ್ರ, ಊರುಗೋಲು, ಅಜ್ಜಿ ಮುಂದೆ. ಬಿದ್ದೆ.

"ಏಳು ಮಗ. ನಿನ್ನ ತಲೆ ಎತ್ತರವಾಗಿರಲಿ. ನಿನ್ನ ದಾರೀಲಿ ಕಲ್ಲಿರದೇ ಇರಲಿ. ನಿನಗೆ ಸಿಗೋಳು ಬಾಯಿಬಡಕಿ ಆಗದೇ ಇರಲಿ..." ಉದ್ದಕ್ಕೆ ಹೋಯಿತು. ಅದು ಮುಗಿದ ಮೇಲೆ ನಾನು ಹೊರಗೆ ಹೋಗಬೇಕು ಎಂದು ಬ್ರಿಗ್ಸ್ ಹುಬ್ಬಿನಲ್ಲಿ ಹೇಳಿದರು. ಅಜ್ಜಿ ನನ್ನ ತೋಳು ಹಿಡಿದರು.

"ಈ ಹುಡುಗ ಇಲ್ಲೇ ಇರ್ಲಿ. ಇವನಿಗೆ ಹೇಳ್ತೀನಿ."

ಅಜ್ಜಿಯ ಕಾಲ ಬಳಿ ಕೂತೆ. ಬ್ರಿಗ್ಸ್, ಮೇಡಂ ಇಬ್ಬರಿಗೂ ಯೊರುಬಾ ಬರುವುದಿಲ್ಲ. ಜಮೀನು, ಕೋಕೋ ಮರ, ತೀರಿಹೋದ ಅಣ್ಣ, ನೆಲ ಮಾರಿದ ತಮ್ಮನ ಮಗನ ಹೊಸ ಕಾರು... ನಾನು ಅನುವಾದಿಸುತ್ತಾ ಹೋದೆ. ಒಂದು ಕಡೆ ಯಾರೂ ಹೇಳದೆ ಬಾಯಿ ತೆರೆದುಬಿಟ್ಟೆ.

"ಅಜ್ಜಿ, ನಿಮ್ಮ ಅಣ್ಣ ಹೋದ ಮೇಲೆ ಮನೆಗೆ ಯಜಮಾನರು ಯಾರು?"

"ಯಾರು ಅಂದ್ರೆ? ಉಳಿದೋರಲ್ಲಿ ದೊಡ್ಡೋಳು ನಾನು. ಹೆಂಗಸು ಅಂತ ಪಕ್ಕಕ್ಕಿಟ್ರು."

"ಮಾರೋವಾಗ ನಿಮ್ಮನ್ನ ಕೇಳಿದ್ರಾ?"

"ನನ್ನನ್ನ ಕೇಳಿದ್ರೆ ಅವನು ಇವತ್ತಿಗೂ ಸೈಕಲ್ ತುಳೀತಿದ್ದ."

ಉಳಿದ ಹಿರಿಯರು ನೆಲ ನೋಡಿದರು. ಮೇಡಂಗೆ ಇಂಗ್ಲಿಷಿನಲ್ಲಿ ಹೇಳಿದೆ: ನಮ್ಮ ಪದ್ಧತಿಯಲ್ಲಿ ಹಿರಿಯ ಮಗಳೂ ಮನೆಯ ಯಜಮಾನಿಯಾಗಬಹುದು, ಕೋರ್ಟುಗಳು ಒಪ್ಪಿವೆ. ಯಜಮಾನಿ ಒಪ್ಪದೆ ಮಾರಿದ್ದರೆ ಮಾರಾಟವೇ ಆಗಿಲ್ಲ. ಧ್ವನಿ ನಡುಗಿತು, ಆದರೆ ಕೊನೆಯವರೆಗೂ ಬಂತು.

ಮೇಡಂ ಪೆನ್ನು ಕೆಳಗಿಟ್ಟರು. ಬ್ರಿಗ್ಸ್ ಕಡೆ ತಿರುಗಿದರು.

"ನಾವು ಇಷ್ಟು ದಿನ ಯಜಮಾನರನ್ನ ಗಂಡಸರಲ್ಲೇ ಹುಡುಕ್ತಿದ್ವಿ."

"ಹೌದಲ್ಲ," ಅಂದರು ಬ್ರಿಗ್ಸ್. ಆಮೇಲೆ ನನಗೆ, "ಅಜ್ಜಿ ಹೇಳಿಕೆ ನೀನೇ ಬರಿ. ಸೋಮವಾರ ಮಧ್ಯಾಹ್ನ ಬೇಕು. ಜೆರಾಕ್ಸ್ ಬೇರೆಯವರು ಮಾಡ್ಕೋತಾರೆ."

ಮೊಜಿ ಅಕ್ಕನಿಗೆ ಹೇಳಿದೆ. ಬ್ಯಾಗಿನಲ್ಲಿ ಉಳಿದಿದ್ದ ಅಂಗಿಗಳನ್ನು ಅವಳೇ ತೆಗೆದು ನೇತುಹಾಕಿದಳು.

ಜುಲೈ 14, ಸೋಮವಾರ. ಹನ್ನೊಂದು ಗಂಟೆ, ಆಫೀಸಿನ ಲೈಬ್ರರಿ.

ಕರಡು ಮೂರನೇ ಪುಟ. ಬರೆದದ್ದಕ್ಕಿಂತ ಹೊಡೆದುಹಾಕಿದ್ದೇ ಜಾಸ್ತಿ. ಸೈಕಲ್ ಮಾತನ್ನು ಹೇಳಿಕೆಯಲ್ಲಿ ಸೇರಿಸಲೋ ಬಿಡಲೋ. ಕಾನೂನಿನ ದೃಷ್ಟಿಯಿಂದ ಅನಗತ್ಯ. ಬಿಡಲು ಮನಸ್ಸಿಲ್ಲ. ಅಣ್ಣ ತೀರಿಹೋದದ್ದು ಯಾವ ವರ್ಷ — ಅಜ್ಜಿಗೆ ಫೋನ್ ಮಾಡಿ ಕೇಳಬೇಕು. ಸೇತುವೆ ಕಟ್ಟುತ್ತಿದ್ದ ವರ್ಷ ಅಂದಿದ್ದರು. ಯಾವ ಸೇತುವೆ?

ಬ್ರಿಗ್ಸ್ ಈಗ ತಾನೇ ಬಂದು ಎಲ್ಲಿಗೆ ಬಂತು ಅಂತ ಕೇಳಿದರು. "ಒಂದ್ನಿಮಿಷ ಸರ್" ಅಂದೆ, ತಲೆ ಎತ್ತದೆ. ಹೋದರು. ಹೋದ ಮೇಲೆ ಹೊಳೆಯಿತು, ಕುರ್ಚಿಯಿಂದ ಏಳಲೂ ಇಲ್ಲ ನಾನು. ಹಿಂದೆಯೇ ಹೋಗಿ ಕ್ಷಮೆ ಕೇಳಬೇಕು, ಆದರೆ ಈ ವಾಕ್ಯ ಮುಗಿಸಿ