ಔಷಧ ಕೊಟ್ಟ ಸಮಯ

ಜುಲೈ 3, ಮಧ್ಯಾಹ್ನ 12.40

ಮೂರು ಹೊಟ್ಟೆನೋವು, ಒಂದು ಮೂಗಿನ ರಕ್ತ, ಕಾಗದದಲ್ಲಿ ಸುತ್ತಿ ತಂದ ಒಂದು ಹಾಲುಹಲ್ಲು. ಹೊಟ್ಟೆನೋವು ಮೂರೂ ಐದನೇ ಕ್ಲಾಸಿನವು — ಗಣಿತದ ಟೆಸ್ಟು. ಮಲಗಿಸಿದೆ, ಬಿಸಿನೀರು ಕುಡಿಸಿದೆ. ಟೆಸ್ಟು ಮುಗಿದ ಬೆಲ್ ಹೊಡೆದ ಕೂಡಲೇ ಮೂವರಿಗೂ ವಾಸಿ. ಹತ್ತೊಂಬತ್ತು ವರ್ಷದಿಂದ ಇದೇ ಕಾಯಿಲೆ, ಇದೇ ಮದ್ದು.

ಆಯಾ ಸರ್ಕ್ಯುಲರ್ ತಂದಳು. ಇಂದಿನಿಂದ ಸಿಕ್ ರೂಮಿನ ಔಷಧವೆಲ್ಲ ಬೀರುವಿನಲ್ಲಿ. ಬೀರುವಿಗೆ ಬೀಗ. ಬೀಗದ ಕೈ ಕೆಳಗೆ ಆಫೀಸಿನಲ್ಲಿ, ಆಡಳಿತಾಧಿಕಾರಿ ಮೇಡಂ ಹತ್ತಿರ. ಔಷಧ ಬೇಕಾದರೆ ಫಾರಂ ತುಂಬಿ ಫೋನ್ ಮಾಡಬೇಕು, ಮೇಡಂ ಖುದ್ದಾಗಿ ಬಂದು ಬೀಗ ತೆಗೆಯುತ್ತಾರೆ. ಯಾವುದೋ ಶಾಲೆಯಲ್ಲಿ ಮಗುವೊಂದು ಬೇರೆ ಯಾರದೋ ಮಾತ್ರೆ ನುಂಗಿತಂತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಹೋಗಿ ಕೇಳಿದೆ. ಇನ್ಹೇಲರ್ ಒಂದನ್ನಾದರೂ ಹೊರಗಿಡೋಣ, ಉಬ್ಬಸದ ಮಕ್ಕಳು ನಾಲ್ವರಿದ್ದಾರೆ ಎಂದೆ.

“ರೂಲ್ಸ್ ಅಂದ್ಮೇಲೆ ರೂಲ್ಸು, ಸಿಸ್ಟರ್. ಇವತ್ತು ಇನ್ಹೇಲರ್ ಅಂತೀರಿ, ನಾಳೆ ಇನ್ನೊಂದು ಅಂತೀರಿ.”

“ಫಾರಂ ತುಂಬೋ ತನಕ ಉಸಿರು ಕಾಯಲ್ಲ ಮೇಡಂ.”

“ಫೋನ್ ಮಾಡಿ. ಎರಡೇ ನಿಮಿಷ. ಬಂದ್ಬಿಡ್ತೀನಿ.”

ಇಂದಿನಿಂದ ಅವರ ಹೆಸರು ಬೀಗದಮ್ಮ. ಆಯಾಗೂ ಹೇಳಿದೆ. ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕಳು.

ಜುಲೈ 11, ಸಂಜೆ 5.10

ಇವತ್ತೇ ಬರೆಯಬೇಕು.

ಎರಡು ಜಡೆಯ ಹುಡುಗಿ. ನಾಲ್ಕನೇ ಕ್ಲಾಸು. ಬಂದ ಸಮಯ 10.50. ಆಟದ ಮೈದಾನದಿಂದ ನೇರ ಬಂದಳು, ಎದೆ ಸಿಳ್ಳೆ ಹೊಡೆಯುತ್ತಿತ್ತು. ಅವಳ ಇನ್ಹೇಲರ್ ಬೀರುವಿನಲ್ಲಿ. ಗಾಜಿನ ಬಾಗಿಲ ಆಚೆ ಕಾಣುತ್ತದೆ — ನೀಲಿ ಬಣ್ಣ, ಅವಳ ಹೆಸರಿನ ಚೀಟಿ. ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಮಗುವನ್ನು ಆಯಾ ಕೈಗೆ ಕೊಟ್ಟು ಎರಡು ಮಹಡಿ ಇಳಿದು ಓಡಿದೆ. ಬೀಗದಮ್ಮ ಮೀಟಿಂಗಿನಲ್ಲಿ. ಬೀಗದ ಕೈ ಅವರ ಹ್ಯಾಂಡ್‌ಬ್ಯಾಗಿನಲ್ಲಿ. ಬಾಗಿಲು ತೆರೆದರೆ ಬೆರಳೆತ್ತಿ ತೋರಿಸಿದರು — ಎರಡು ನಿಮಿಷ.

ನಾನು ಕೂಗಾಡಿದ ಮೇಲೆ ಎದ್ದರು. ಫಾರಂ ಎಲ್ಲಿ ಎಂದು ಕೇಳಿದರು! ಮೆಟ್ಟಿಲು ಹತ್ತುವಾಗ ಮಧ್ಯೆ ನಿಂತು ಸೆರಗು ಸರಿಮಾಡಿಕೊಂಡರು. ಔಷಧ ಕೊಟ್ಟ ಸಮಯ 11.05. ಅಷ್ಟರಲ್ಲಿ ತುಟಿ ನೀಲಿ. ಆಂಬುಲೆನ್ಸ್. ಮಗು ಆಸ್ಪತ್ರೆಯಲ್ಲಿದೆ, ಜೀವಕ್ಕೆ ಅಪಾಯವಿಲ್ಲ ಎಂದರು.

ಹದಿನೈದು ನಿಮಿಷ. ಗಾಜು ಒಡೆದುಬಿಡಬೇಕಿತ್ತು. ಯಾಕೆ ಒಡೆಯಲಿಲ್ಲ? ತೋಚಲಿಲ್ಲ, ಅಷ್ಟೇ.

ಜುಲೈ 12, ಬೆಳಿಗ್ಗೆ 9.20

ಬೀಗದಮ್ಮ ತಾವೇ ಮೇಲೆ ಬಂದರು. ರಿಜಿಸ್ಟರ್ ತೆರೆಸಿದರು. ಮೂರೇ ಕಾಲಂ — ಬಂದ ಸಮಯ, ತೊಂದರೆ, ಔಷಧ ಕೊಟ್ಟ ಸಮಯ. ಮೂರನೆಯದರ ಮೇಲೆ ಬೆರಳಿಟ್ಟರು.

“ಹನ್ನೊಂದೂ ಐದು ಅಂತ ಯಾಕೆ ಬರೆದ್ರಿ? ಹತ್ತು ಐವತ್ತೈದು ಅನ್ನಿ. ನಿಮಗೂ ಒಳ್ಳೇದು, ನನಗೂ ಒಳ್ಳೇದು.”

“ಮೇಡಂ, ಹತ್ತೊಂಬತ್ತು ವರ್ಷ ಈ ಕಾಲಂನಲ್ಲಿ ಒಂದೇ ಒಂದು ಸುಳ್ಳು ಟೈಮ್ ಬರೆದಿಲ್ಲ.”

“ಆಮೇಲೆ ನನ್ನನ್ನ ಅನ್ಬೇಡಿ.”

ಜುಲೈ 15

ಶೋಕಾಸ್ ನೋಟಿಸ್. ಕರ್ತವ್ಯಲೋಪ. “ಹದಿನೈದು ನಿಮಿಷ ವಿಳಂಬ ಮಾಡಿದ ಶಾಲಾ ನರ್ಸ್” — ನಾನು! ನನ್ನದೇ ಅಕ್ಷರ, ನನ್ನದೇ ರಿಜಿಸ್ಟರ್, ನನ್ನ ವಿರುದ್ಧವೇ ಸಾಕ್ಷಿ. ಮೀಟಿಂಗಿನ ಮಾತೇ ಇಲ್ಲ. ಹ್ಯಾಂಡ್‌ಬ್ಯಾಗಿನ ಮಾತೇ ಇಲ್ಲ. ಫೋನ್ ಬಂದೇ ಇಲ್ಲವಂತೆ.

ಅದನ್ನಾದರೂ ತಡೆದುಕೊಳ್ಳುತ್ತಿದ್ದೆ. ಮಧ್ಯಾಹ್ನ ಹುಡುಗಿಯ ಅಮ್ಮ ಬಂದಳು. ಕೂಗಲಿಲ್ಲ, ಬೈಯಲಿಲ್ಲ. ಬಾಗಿಲಲ್ಲೇ ನಿಂತು, “ನಿಮ್ಮನ್ನ ನಂಬಿ ಬಿಟ್ಟಿದ್ವಿ ಸಿಸ್ಟರ್” ಎಂದಳು. ಹೋದಳು.

ಬೀಗದಮ್ಮ, ಇದಕ್ಕೆ ನೀನು ನೀರು ಕುಡಿಯಬೇಕು. ಉಪ್ಪು ತಿಂದಿದ್ದೀಯ.

ಜುಲೈ 18, ಬೆಳಿಗ್ಗೆ 7.00

ಇವರು ಬಸ್ ಓಡಿಸಲು ಹೊರಡುವ ಮುಂಚೆ ಹೇಳಿದರು: “ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರಲ್ಲ ಕಣೇ. ಉತ್ತರ ಬರೆದು ಬಿಸಾಕು, ಸುಮ್ನಿರು.” ದಿನವಿಡೀ ಹಾರ್ನ್ ಹೊಡೆಯುವವರು ನನಗೆ ಸುಮ್ಮನಿರು ಎನ್ನುತ್ತಾರೆ.

ಅತ್ತೆ ಮಾತ್ರ ನನ್ನ ಕಡೆ. ಬಟ್ಟೆ ಮಡಿಸುತ್ತಾ ಎಂದರು: “ಜಗಳ ಆಡ್ಬೇಡ. ಅವಳು ಹೇಳಿದ್ದನ್ನೇ ಮಾಡು. ಅಕ್ಷರ ಬಿಡದ ಹಾಗೆ ಮಾಡು. ಹಾವು ಸಾಯಬೇಕು, ಕೋಲು ಮುರೀಬಾರ್ದು.”

ಈ ಮನೆಗೆ ಬಂದು ಇಪ್ಪತ್ತೆರಡು ವರ್ಷ. ಇಂದು ಮೊದಲ ಬಾರಿಗೆ ಅತ್ತೆಯ ಕಾಲಿಗೆ ಬೀಳಬೇಕೆನಿಸಿತು.

ಜುಲೈ 22, ಸಂಜೆ 4.45

ಸರ್ಕ್ಯುಲರಿನಲ್ಲಿ “ಎಲ್ಲ ಔಷಧ” ಎಂದಿದೆ. ಗಾಯಕ್ಕೆ ಹಚ್ಚುವ ಲೋಷನ್? ಔಷಧ. ನೋವಿನ ಮುಲಾಮು? ಔಷಧ. ಹತ್ತಿ? ಲೋಷನ್ನಿನಲ್ಲಿ ಅದ್ದಿದ ಮೇಲೆ ಔಷಧವೇ. ಎಲ್ಲವನ್ನೂ ಬೀರುವಿಗೆ ತುಂಬಿಸಿದೆ.

ಇಂದು ಹದಿನಾಲ್ಕು ಫಾರಂ. ಮೊಣಕೈ ತರಚಿದ್ದು — ಫೋನ್. ಸೊಳ್ಳೆ ಕಚ್ಚಿದ್ದು — ಫೋನ್. ಬೀಗದಮ್ಮ ಹದಿನಾಲ್ಕು ಸಲ ಎರಡು ಮಹಡಿ ಹತ್ತಿದರು. ಹತ್ತನೇ ಸಲಕ್ಕೆ ಮುಖ ಬೀಟ್‌ರೂಟಿನ ಬಣ್ಣ.

“ಸಿಸ್ಟರ್, ಸೊಳ್ಳೆ ಕಚ್ಚಿದ್ದಕ್ಕೂ ನಾನು ಬರ್ಬೇಕಾ?”

“ರೂಲ್ಸ್ ಅಂದ್ಮೇಲೆ ರೂಲ್ಸು ಮೇಡಂ.”

ಮಳ್ಳಿ ಮಳ್ಳಿ, ಮಂಚಕ್ಕೆಷ್ಟು ಕಾಲು ಅಂದರೆ ಮೂರು ಮತ್ತೊಂದು! ಮುಖದಲ್ಲಿ ನಗು ತೋರಿಸಲಿಲ್ಲ. ಅವರು ಕೆಳಗಿಳಿದ ಮೇಲೆ ಆಯಾ ಮತ್ತು ನಾನು ಬಾಗಿಲು ಹಾಕಿಕೊಂಡು ನಕ್ಕೆವು.

ಜುಲೈ 24

ಹದಿನೇಳು. ಕೊನೆಯ ಸಲ ಬೀಗದಮ್ಮ ಮಂಚದ ಮೇಲೆ ಕೂತುಬಿಟ್ಟರು. ಮೊಣಕಾಲು ಹಿಡಿದುಕೊಂಡು, “ಸ್ವಲ್ಪ ಮುಲಾಮು ಹಚ್ಚಿ ಸಿಸ್ಟರ್” ಎಂದರು. ಫಾರಂ ಮುಂದಿಟ್ಟೆ.

“ಇಲ್ಲೊಂದು ಸಹಿ ಆಗ್ಬೇಕು. ತಂದೆ ಅಥವಾ ತಾಯಿದು.”

ನನ್ನನ್ನೇ ನೋಡಿದರು. ಕಣ್ಣಲ್ಲಿ ನೀರಿತ್ತೋ ಏನೋ. ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಸುಳ್ಳು ಯಾಕೆ ಬರೆಯಲಿ.

ಜುಲೈ 29, ಮಧ್ಯಾಹ್ನ 1.15

ಎರಡು ಜಡೆ ಶಾಲೆಗೆ ಮರಳಿದಳು. ಸ್ವಲ್ಪ ಇಳಿದಿದ್ದಾಳೆ. ಕಾರಿಡಾರಿನಲ್ಲಿ ಕಂಪಾಸ್ ಬಾಕ್ಸ್ ಬೀಳಿಸಿದಳು — ಒಳಗಿಂದ ನೀಲಿ ಇನ್ಹೇಲರ್ ಉರುಳಿತು. ಹೊಸದು. ಅಮ್ಮ ಗುಟ್ಟಾಗಿ ಇಟ್ಟು ಕಳಿಸಿದ್ದಾಳೆ. ಜಾಣೆ.

ನಿಯಮದ ಪ್ರಕಾರ ಅದು ಬೀರುವಿಗೆ ಹೋಗಬೇಕು. ಬೀರುವಿಗೆ ಹಾಕಲು ನನಗೇನು ಹುಚ್ಚೇ? ನನ್ನ ಬಿಳಿ ಕೋಟಿನ ಬಲಗಡೆ ಜೇಬಿಗೆ ಹಾಕಿಕೊಂಡೆ, ಅವಳೆದುರಿಗೇ.

“ಬಾಕ್ಸಲ್ಲಿದ್ರೆ ಮೇಡಂ ಕಣ್ಣಿಗೆ ಬೀಳತ್ತೆ. ಇಲ್ಲೇ ಇರಲಿ. ಉಸಿರು ಕಟ್ಟಿದ್ರೆ ನನ್ನ ಹತ್ರ ಓಡಿ ಬಾ. ಬೀಗ ಇಲ್ಲ, ಫಾರಂ ಇಲ್ಲ. ಯಾರಿಗೂ ಹೇಳ್ಬೇಡ.”

“ನೀವೂ ರೂಲ್ಸ್ ಮುರೀತೀರಾ ಆಂಟಿ?”

“ನಿನಗೋಸ್ಕರ.”

ಅವಳು ಜೇಬನ್ನು ಒಮ್ಮೆ ಮುಟ್ಟಿ ನೋಡಿ ಓಡಿದಳು.

ಆಗಸ್ಟ್ 5

ಸುದ್ದಿ ಬಂತು. ಹುಡುಗಿಯ ಅಮ್ಮ ಆಡಳಿತ ಮಂಡಳಿಗೆ ದೂರು ಬರೆದಿದ್ದಳಂತೆ. ಒಂಬತ್ತರಂದು ಇಬ್ಬರು ವಿಚಾರಣೆಗೆ ಬರುತ್ತಾರೆ. ಒಂದೋ ನನ್ನ ಕೆಲಸ ಹೋಗುತ್ತದೆ, ಇಲ್ಲವೇ ಬೀಗದಮ್ಮನದು.

ನನ್ನ ಮಾತನ್ನು ಯಾರು ನಂಬುತ್ತಾರೆ? ಫೋನೇ ಬಂದಿಲ್ಲ ಎನ್ನುವವಳು ಏನು ಬೇಕಾದರೂ ಹೇಳುತ್ತಾಳೆ. ಆ ಇಬ್ಬರು ಕಣ್ಣಾರೆ ನೋಡಬೇಕು. ಅವರೆದುರಿಗೆ ಫೋನ್ ಬಡಿದುಕೊಳ್ಳಬೇಕು, ಅವರೆದುರಿಗೆ ಬೀಗದಮ್ಮ ಬ್ಯಾಗಿನಲ್ಲಿ ತಡಕಾಡಬೇಕು. ಯಾವುದಾದರೂ ಮೊಣಕೈ, ಯಾವುದಾದರೂ ಸೊಳ್ಳೆ ಸಾಕು.

ಆಗಸ್ಟ್ 9, ಬೆಳಿಗ್ಗೆ 8.10

ಕೋಟಿಗೆ ಇಸ್ತ್ರಿ ಹಾಕಿದೆ. ಗಡಿಯಾರ ಕಟ್ಟಿಕೊಂಡೆ. ಇನ್ಹೇಲರ್ ಜೇಬಿಗೆ. ಅತ್ತೆ ಬಾಗಿಲ ತನಕ ಬಂದು, “ಗೆದ್ದು ಬಾ” ಎಂದರು.

ಆಗಸ್ಟ್ 9, ಸಂಜೆ 5.30

ಗೆದ್ದೆ.

ಇಬ್ಬರೂ ಆಫೀಸಿನಲ್ಲಿ ಕೂತಿದ್ದರು, ಬೀಗದಮ್ಮನ ಎದುರಿಗೇ. ಮೊದಲು ಫೋನ್. ಸದ್ದು ಕೇಳಿ ಬೀಗದಮ್ಮ ಬೆಚ್ಚಿದರಂತೆ, ಅಲ್ಲಿಗೆ ಟೀ ಕೊಡಲು ಹೋಗಿದ್ದ ಆಯಾ ಹೇಳಿದಳು. ಬ್ಯಾಗು ಪೂರ್ತಿ ಮೇಜಿನ ಮೇಲೆ ಸುರಿದರಂತೆ. ಮೆಟ್ಟಿಲಲ್ಲಿ ಬಿದ್ದು, ಒಂದು ಚಪ್ಪಲಿ ಅಲ್ಲೇ ಬಿಟ್ಟು, ಮೊಣಕಾಲಿಂದ ರಕ್ತ ಸುರಿಯುತ್ತಾ ಓಡಿಬಂದರು — “ತಗೊಳ್ಳಿ ಸಿಸ್ಟರ್, ತಗೊಳ್ಳಿ, ಫಾರಂ ಬೇಡ.” ಹಿಂದೆಯೇ ಆ ಇಬ್ಬರು. ಎಲ್ಲ ನೋಡಿದರು. ಬರೆದುಕೊಂಡರು. ಮಧ್ಯಾಹ್ನದ ಹೊತ್ತಿಗೆ ಬೀಗದಮ್ಮನನ್ನು ಕೆಲಸದಿಂದ ತೆಗೆದರು. ಸರ್ಕ್ಯುಲರ್ ರದ್ದು. ಇನ್ಹೇಲರ್ ಇನ್ನು ಮಕ್ಕಳ ಹತ್ತಿರವೇ. ನನ್ನ ನೋಟಿಸ್ ವಾಪಸ್. “ನಿಮ್ಮಂಥೋರು ಬೇಕಮ್ಮ ಶಾಲೆಗೆ” ಎಂದರು ಅವರಲ್ಲಿ ಹಿರಿಯರು. ಹುಡುಗಿಯ ಅಮ್ಮ ನನ್ನ ಕೈ ಹಿಡಿದು ಅತ್ತಳು.

ಅತ್ತೆ ಕಾಯುತ್ತಿದ್ದರು. ತಲೆನೋವು ಎಂದು ಹೇಳಿ ಒಳಗೆ ಬಂದೆ.

ಆಗಸ್ಟ್ 10, ಬೆಳಿಗ್ಗೆ 6.20

ನಿನ್ನೆ ಪೂರ್ತಿ ಬರೆಯಲಿಲ್ಲ. ಇದನ್ನು ಯಾರೂ ಓದುವುದಿಲ್ಲ. ಆದರೂ ಪೆನ್ನು ಏಳುತ್ತಿಲ್ಲ.

ಬಂದದ್ದು ಮೊಣಕೈ ಅಲ್ಲ, ಸೊಳ್ಳೆ ಅಲ್ಲ. ಬಂದದ್ದು ಎರಡು ಜಡೆ.

10.52. ಉಬ್ಬಸ ಆಗಷ್ಟೇ ಶುರು. ಹಿಂದಿನಷ್ಟಿರಲಿಲ್ಲ. ಜೇಬಿಗೆ ಕೈ ಹೋಯಿತು. ಇನ್ಹೇಲರ್ ಬೆರಳಿಗೆ ಸಿಕ್ಕಿತು. ಆಗ ನೆನಪಾಯಿತು — ಕೆಳಗೆ ಆ ಇಬ್ಬರು ಕೂತಿದ್ದಾರೆ. ಇಂಥ ಗಳಿಗೆ ಮತ್ತೆ ಸಿಗುವುದಿಲ್ಲ. ಕೈಯನ್ನು ಬರಿದಾಗಿ ಹೊರಗೆ ತೆಗೆದೆ. ಆ ಕೈಯಿಂದಲೇ ಫೋನ್ ಎತ್ತಿದೆ.

ಗಡಿಯಾರ ನೋಡುತ್ತಾ ನಿಂತೆ. ಪಲ್ಸ್ ನೋಡುತ್ತಿದ್ದೆ, ತುಟಿಯ ಬಣ್ಣ ನೋಡುತ್ತಿದ್ದೆ. ನೀಲಿಯಾದರೆ ಕೊಟ್ಟುಬಿಡುತ್ತೇನೆ ಎಂದುಕೊಂಡೆ. ನೀಲಿಯಾಗಲಿಲ್ಲ. ಇದನ್ನೇ ನಿನ್ನೆಯಿಂದ ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ.

ಅವಳಿಗೆ ಮಾತು ಬರುತ್ತಿರಲಿಲ್ಲ. ನನ್ನ ಜೇಬನ್ನೇ ನೋಡಿದಳು. ಆಮೇಲೆ ಕೈ ಚಾಚಿ ಜೇಬಿನ ಮೇಲಿಟ್ಟಳು. ನಾನು ಆ ಕೈಯನ್ನು ಹಿಡಿದೆ. ಪಲ್ಸ್ ನೋಡುವವಳ ಹಾಗೆ ಹಿಡಿದೆ. ಜೇಬಿನಿಂದ ಸರಿಸಿದೆ.

ನಾಲ್ಕು ನಿಮಿಷ. ಬೀಗದಮ್ಮ ಈ ಸಲ ಓಡಿಬಂದಿದ್ದರು. ಮೆಟ್ಟಿಲಲ್ಲಿ ಸೆರಗು ಸರಿಮಾಡಿಕೊಳ್ಳಲು ನಿಲ್ಲಲಿಲ್ಲ.

ಇನ್ಹೇಲರ್ ಆ ಮಗುವಿನ ಕಂಪಾಸ್ ಬಾಕ್ಸಿನಲ್ಲೇ ಇದ್ದಿದ್ದರೆ ನನ್ನ ಹತ್ತಿರ ಬರಬೇಕಾಗಿಯೇ ಇರಲಿಲ್ಲ.

ಅಮ್ಮನ ಜೊತೆ ಮನೆಗೆ ಹೊರಟವಳು ಬಾಗಿಲಿಂದ ವಾಪಸ್ ಬಂದಳು. ಮೆಲ್ಲಗೆ ಕೇಳಿದಳು.

“ಆಂಟಿ, ಮರ್ತೋಗಿತ್ತಾ?”

“ಹೂಂ ಪುಟ್ಟಿ. ಮರ್ತೋಗಿತ್ತು.”

ತಲೆಯಾಡಿಸಿದಳು. ನಂಬಿದಳೋ, ನನ್ನ ಮರ್ಯಾದೆ ಉಳಿಸಿದಳೋ — ಗೊತ್ತಿಲ್ಲ.

ಆಗಸ್ಟ್ 10, ಬೆಳಿಗ್ಗೆ 9.05

ಸಿಕ್ ರೂಮ್. ಬೀರುವಿನ ಬಾಗಿಲು ತೆರೆದಿದೆ. ನೆಲದ ಮೇಲೆ ಬೀಗದಮ್ಮನ ಮೊಣಕಾಲಿನ ರಕ್ತದ ಎರಡು ಹನಿ, ಆಯಾ ಇನ್ನೂ ಒರೆಸಿಲ್ಲ. ಅವರಿಗೆ ಯಾರೂ ಮುಲಾಮು ಹಚ್ಚಲಿಲ್ಲ.

ಹತ್ತು ಗಂಟೆಗೆ ರಿಜಿಸ್ಟರ್ ಆ ಇಬ್ಬರಿಗೆ ಒಪ್ಪಿಸಬೇಕು. ನಿನ್ನೆಯ ಸಾಲು ಇನ್ನೂ ತುಂಬಿಲ್ಲ. ಹತ್ತೊಂಬತ್ತು ವರ್ಷ. ಒಂದೇ ಒಂದು ಸುಳ್ಳು ಟೈಮ್ ಬರೆದಿಲ್ಲ. ಮೊದಲು ಇಲ್ಲಿ ಬರೆದು ನೋಡುತ್ತೇನೆ, ಆಮೇಲೆ ಅಲ್ಲಿ.

ಬಂದ ಸಮಯ: 10.52.

ತೊಂದರೆ: ಉಬ್ಬಸ.

ಔಷಧ ನನ್ನ ಕೈಗೆ ಸಿಕ್ಕ ಸಮಯ: 10.52.

ಔಷಧ ಕೊಟ್ಟ ಸಮಯ: