ಕರಡಿಗೆ ಕಳೆದ ಭಾನುವಾರ

ನ್ಯೂ ಟೌನ್, ಭದ್ರಾವತಿ
ಶುಕ್ರವಾರ, ೧೭ ಏಪ್ರಿಲ್ ೨೦೨೬

ಪ್ರೀತಿಯ ತನುಜಾ,

ಕಾಗದ ನೋಡಿ ನಗಬೇಡ. ನಿನ್ನ ತವರಿನ ದುರ್ಗಿಗುಡಿಗೂ ಇಲ್ಲಿಗೂ ಮುಕ್ಕಾಲು ಗಂಟೆಯ ಬಸ್ಸು, ಕೈಯಲ್ಲಿ ಫೋನು, ಆದರೂ ಈ ಮನುಷ್ಯ ಅಂಚೆ ಕವರು ತಂದು ಬರೆಯುತ್ತಾ ಕೂತಿದ್ದಾನೆ. ಫೋನಿನಲ್ಲಿ ನಾನು ಗಾಬರಿಯಿಂದ ಏನೇನೋ ಒದರುತ್ತೇನೆ, ನೀನು ಬೇಗ ಇಟ್ಟುಬಿಡುತ್ತೀಯ. ಕಾಗದವನ್ನು ಹಾಗೆ ಕಟ್ ಮಾಡಲು ಬರುವುದಿಲ್ಲ. ಹರಿಯಬಹುದು, ಆದರೆ ನೀನು ಕಡಲೆಕಾಯಿ ಕಟ್ಟಿಕೊಟ್ಟ ಪೇಪರನ್ನೂ ಓದಿಯೇ ಎಸೆಯುವವಳು. ಆ ಒಂದು ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಈ ಭಾನುವಾರ ಅಮೂಲ್ಯಾಳನ್ನು ಕಳಿಸಲ್ಲ, ಮುಂದಿನದು ಆಮೇಲೆ ನೋಡೋಣ ಅಂತ ನಿನ್ನೆ ನೀನು ಹೇಳಿದೆ. ಆಗಿನಿಂದ ನನಗೆ ಊಟ ಸೇರಿಲ್ಲ. ಆ ‘ಆಮೇಲೆ ನೋಡೋಣ’ ನನಗೆ ಚೆನ್ನಾಗಿ ಗೊತ್ತು ಮಾರಾಯ್ತಿ. ನೀನು ಫ್ರಿಜ್ ಬೇಕು ಅಂದಾಗಲೆಲ್ಲ ನಾನು ಹೇಳುತ್ತಿದ್ದ ಮಾತು ಅದು. ಫ್ರಿಜ್ ಇವತ್ತಿಗೂ ಬಂದಿಲ್ಲ.

ನೀನು ಮಗುವನ್ನು ಕರೆದುಕೊಂಡು ತವರಿಗೆ ಹೋಗಿ ಎಂಟು ತಿಂಗಳಾಯಿತು. ಆಗಿನಿಂದ ನನ್ನ ವಾರಕ್ಕೆ ಇರುವುದು ಒಂದೇ ದಿನ. ಬೆಳಗ್ಗೆ ಒಂಬತ್ತಕ್ಕೆ ನಿಮ್ಮ ಬಾಗಿಲಲ್ಲಿ ಅವಳ ಕೈ ಹಿಡಿಯುತ್ತೇನೆ, ಸಂಜೆ ಆರಕ್ಕೆ ಅದೇ ಬಾಗಿಲಲ್ಲಿ ಬಿಡುತ್ತೇನೆ. ಉಳಿದ ಆರು ದಿನ ಫೌಂಡ್ರಿಯಲ್ಲಿ ಅಚ್ಚಿಗೆ ಕಬ್ಬಿಣ ಹೊಯ್ಯುತ್ತಾ, ಮುಂದಿನ ಸಲ ಎಲ್ಲಿಗೆ ಕರೆದುಕೊಂಡು ಹೋಗಲಿ ಅಂತಲೇ ಯೋಚಿಸುತ್ತೇನೆ. ಗಾಂಧಿ ಪಾರ್ಕಿನ ಪುಟಾಣಿ ರೈಲು ಆಯಿತು. ಸಕ್ರೆಬೈಲಿನಲ್ಲಿ ಆನೆಗಳ ಸ್ನಾನ ಆಯಿತು. ತ್ಯಾವರೆಕೊಪ್ಪದ ಸಫಾರಿಯಲ್ಲಿ ಸಿಂಹ ಕಾಲು ಚಾಚಿ ಮಲಗಿತ್ತು. ಪಾಪ, ಅದಕ್ಕೂ ಇವತ್ತು ಭಾನುವಾರ ಅಲ್ವಾ ಅಪ್ಪ ಅಂದಳು. ಜೀಪಿನಲ್ಲಿದ್ದವರೆಲ್ಲ ನಕ್ಕರು. ಅವತ್ತು ನನ್ನ ಎದೆ ಎಷ್ಟು ಉಬ್ಬಿತ್ತು ಅಂದರೆ ಆ ಸಿಂಹವನ್ನು ನಾನೇ ಸಾಕಿದ್ದೇನೋ ಅನ್ನುವಷ್ಟು.

ನೀವು ಹಬ್ಬದ ದಿನ ಬರೋ ಅಪ್ಪ ಅಂತ ನೀನು ಒಮ್ಮೆ ಅಂದಿದ್ದೆ. ಹೇನು ತೆಗೆಯೋದು, ಮಗ್ಗಿ ಹೇಳಿಸೋದು, ಕಹಿ ಔಷಧಿ ಕುಡಿಸೋದು ನಾನು, ಐಸ್‌ಕ್ರೀಮ್ ಕೊಡಿಸಿ ಮುದ್ದು ಮಾಡಿಸ್ಕೊಳ್ಳೋದು ನೀವು ಅಂದೆ. ಆಗ ನನಗೆ ಭಾರೀ ಸಿಟ್ಟು ಬಂತು. ಈಗ ನಿಜ ಹೇಳುತ್ತೇನೆ, ಬೇರೆ ಏನು ಮಾಡಬೇಕು ಅಂತ ನನಗೆ ಗೊತ್ತಿರಲಿಲ್ಲ. ಆ ಒಂಬತ್ತು ಗಂಟೆ ಹೊತ್ತನ್ನು ಖಾಲಿ ಬಿಟ್ಟರೆ ಅವಳಿಗೆ ಬೇಜಾರಾಗಿ, ಮುಂದಿನ ವಾರ ಬರಲ್ಲ ಅಂದುಬಿಟ್ಟರೆ ಅಂತ ಹೆದರಿಕೆ. ಫೆಬ್ರವರಿಯಲ್ಲಿ ಒಂದು ಭಾನುವಾರ ಅವಳನ್ನು ಇಲ್ಲಿಗೆ ಕರೆತಂದ ಮೇಲೆ ಸ್ಕೂಟರ್ ಪಂಕ್ಚರ್ ಆಗಿ ಎಲ್ಲಿಗೂ ಹೋಗಲಿಲ್ಲ. ಬಚ್ಚಲಿನ ಬಕೆಟ್ಟಿನಲ್ಲಿ ಟ್ಯೂಬು ಅದ್ದಿ ಗುಳ್ಳೆ ಎಲ್ಲಿ ಬರುತ್ತೆ ಅಂತ ಅವಳೇ ಹುಡುಕಿದಳು. ತೇಪೆ ಹಾಕಿದ ಮೇಲೂ ಬಿಡಲಿಲ್ಲ, ಮನೆಯಲ್ಲಿದ್ದ ಹಳೇ ಸೈಕಲ್ ಟ್ಯೂಬು, ವಾಲಿಬಾಲಿನ ಬ್ಲಾಡರು ಎಲ್ಲ ಅದ್ದಿಸಿದಳು. ಆಮೇಲೆ ಒದ್ದೆ ಫ್ರಾಕಿನಲ್ಲೇ ನನ್ನ ಹೊಟ್ಟೆಯ ಮೇಲೆ ತಲೆಯಿಟ್ಟು ನಿದ್ದೆ ಹೋದಳು. ನನ್ನ ಕಾಲು ಜೋಮು ಹಿಡಿದರೂ ಅಲ್ಲಾಡಲಿಲ್ಲ. ಸಂಸಾರ ಅಂದರೆ ಇಷ್ಟೇ ಇರಬಹುದಾ ಅಂತ ಅವತ್ತು ಅನ್ನಿಸಿತು. ಮುಂದಿನ ವಾರ ಅದನ್ನು ಮರೆತು ಮತ್ತೆ ಟಿಕೆಟ್ಟಿನ ಕ್ಯೂನಲ್ಲಿ ನಿಂತಿದ್ದೆ.

ಕಳೆದ ಭಾನುವಾರದ್ದು ಪೂರ್ತಿ ನನ್ನ ತಪ್ಪು. ಹೊಳಲೂರಿನ ದಾರಿಯಲ್ಲಿ ಹೊಸದಾಗಿ ಈಜುಕೊಳ, ಜಾರುಬಂಡೆ ಎಲ್ಲ ಮಾಡಿದ್ದಾರೆ ಅಂತ ಕೇಳಿ ಕರೆದುಕೊಂಡು ಹೋದೆ. ನೀರಿಗೆ ಇಳಿಯುವಾಗ ಕೊರಳಲ್ಲಿ ಏನೂ ಇರಬಾರದು ಅಂದರು. ಅಮೂಲ್ಯಾ ಕೊರಳಿನ ಲಿಂಗದ ಕರಡಿಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಸ್ನಾನಕ್ಕೂ ತೆಗೀಬಾರ್ದು ಅಂದಿದಾರೆ ಅಜ್ಜಿ, ವಾಪಸ್ ಹೋಗಣ ಅಪ್ಪ ಅಂದಳು. ನಾನೇ ಕೇಳಲಿಲ್ಲ. ಟಿಕೆಟ್ ತಗೊಂಡಾಗಿದೆ, ಶಿವ ಅಷ್ಟಕ್ಕೆಲ್ಲ ಬೇಜಾರು ಮಾಡ್ಕೊಳಲ್ಲ ಬಾ ಅಂತ ಶಿವದಾರವನ್ನು ತಲೆಯ ಮೇಲಿಂದ ತೆಗೆದೆ. ಹುಟ್ಟಿದ ತಿಂಗಳಲ್ಲೇ ಅಯ್ಯನವರು ಕಟ್ಟಿದ ಲಿಂಗ. ಎಂಟು ವರ್ಷದಲ್ಲಿ ಮೊದಲ ಸಲ ಅವಳ ಮೈಯಿಂದ ದೂರವಾಗಿದ್ದು ಅಪ್ಪನ ಕೈಯಿಂದ. ಸಂಜೆ ಬಾಗಿಲಲ್ಲಿ ಅತ್ತೆಯವರು ಅವಳ ಬರೀ ಕೊರಳು ನೋಡಿ ಹೊಸ್ತಿಲ ಮೇಲೇ ಕೂತರಲ್ಲ, ಆಗ ನಾನು ಎಲ್ಲ ಜೇಬು ತಡಕಿದೆ. ಎಲ್ಲಿಟ್ಟೆ ಅಂತ ಜ್ಞಾಪಕಕ್ಕೇ ಬರಲಿಲ್ಲ.

ಸೋಮವಾರ ರಜೆ ಹಾಕಿ ಮತ್ತೆ ಅಲ್ಲಿಗೆ ಹೋದೆ. ಪಂಪು ನೋಡಿಕೊಳ್ಳುವ ಹಾಲಸ್ವಾಮಿ ಅನ್ನುವ ಹಿರಿಯರು ವಿಷಯ ಕೇಳಿದ ತಕ್ಷಣ ಚಪ್ಪಲಿ ಬಿಟ್ಟು ಬಂದರು. ಫಿಲ್ಟರ್ ಬಿಚ್ಚಿ, ಕಸವನ್ನೆಲ್ಲ ಗೋಣಿಯ ಮೇಲೆ ಸುರಿದು, ಇಬ್ಬರೂ ಬೆರಳಲ್ಲಿ ಕೆದಕಿದೆವು. ನಾಲ್ಕು ಹೇರ್ ಕ್ಲಿಪ್ಪು, ಯಾವುದೋ ಮಗುವಿನ ಹಾಲುಹಲ್ಲು ಸಿಕ್ಕವು. ಮಗಿನ ಲಿಂಗ ಎಲ್ಲಿಗೂ ಹೋಗಲ್ಲ, ಸಿಗುತ್ತೆ ಬಿಡ್ರಿ ಅಂತ ಹಾಲಸ್ವಾಮಿ ಸಮಾಧಾನ ಹೇಳಿ ಕಳಿಸಿದರು. ಆಮೇಲೆ ಎಲ್ಲೆಲ್ಲಿ ಹುಡುಕಿದೆ ಅಂತ ಬರೆದು ನಿನ್ನ ತಲೆ ತಿನ್ನುವುದಿಲ್ಲ.

ಮಗುವಿನ ಕೊರಳು ಬರಿದಾಗಿರುವ ತನಕ ತಾನು ಒಪ್ಪೊತ್ತು ಇರುತ್ತೇನೆ ಅಂತ ಅತ್ತೆಯವರು ಹಟ ಹಿಡಿದಿದ್ದಾರೆ ಅಂದೆ ನೀನು. ಬಿಪಿ ಇರುವವರು. ಸಕ್ಕರೆ ಕಾಯಿಲೆ ಇಲ್ಲ, ಅದೊಂದು ಪುಣ್ಯ. ದಿನಾ ಆ ಯೋಚನೆ ಬಂದಾಗ ನನ್ನ ಕೈಯ ತುತ್ತು ಅಲ್ಲೇ ನಿಲ್ಲುತ್ತದೆ.

ಈ ವಾರ ನೀನು ದಿನಾ ಫೋನ್ ಮಾಡಿದೆ. ಸಿಕ್ಕಿತಾ ಅಂತ ಕೇಳಲು ಮಾಡಿದ್ದು, ಗೊತ್ತು. ಆದರೆ ಬುಧವಾರ ನೀನು ಅಡುಗೆಮನೆಯಿಂದ ಮಾತಾಡುತ್ತಿದ್ದೆ, ಸಾಸಿವೆ ಸಿಡಿಯುವ ಸದ್ದು ಕೇಳಿತು. ಒಗ್ಗರಣೆ ಸೀದೀತು ಅಂದೆ ನಾನು. ಅಲ್ಲಿಂದಲೇ ಸೌಟು ಆಡಿಸ್ತೀರಾ ಅಂತ ನೀನು ನಕ್ಕೆ. ಅಮೂಲ್ಯಾಳ ಹೊಸ ಹಲ್ಲು ಸೊಟ್ಟಗೆ ಬರುತ್ತಿದೆ ಅಂತಲೂ ಹೇಳಿದೆ. ಎಂಟು ತಿಂಗಳಲ್ಲಿ ನಾವು ಗಂಡ ಹೆಂಡತಿಯ ಹಾಗೆ ಮಾತಾಡಿದ್ದು ಅದೊಂದೇ ಸಲ. ಫೋನಿಟ್ಟ ಮೇಲೆ ಎಷ್ಟೋ ಹೊತ್ತು ಅದನ್ನು ಕೈಯಲ್ಲೇ ಹಿಡಿದುಕೊಂಡು ಕೂತಿದ್ದೆ.

ನೀನು ಯಾಕೆ ಹೋದೆ ಅನ್ನುವುದನ್ನು ನಾನು ಮರೆತಿಲ್ಲ. ಜುಲೈನಲ್ಲಿ ಅವಳಿಗೆ ಜ್ವರ ಅಂತ ಶಾಲೆಯಿಂದ ನನ್ನನ್ನು ಕರೆಸಿದರು. ಡಾಕ್ಟರ ಹತ್ತಿರ ಹೋಗುವ ಬದಲು ಅವಳು ಅತ್ತಳು ಅಂತ ಪಾರ್ಕಿಗೆ ಕರೆದುಕೊಂಡು ಹೋದೆ. ರೈಲಿನಲ್ಲಿ ಎರಡು ಸುತ್ತು ಹಾಕಿಸಿ, ಅಮ್ಮಂಗೆ ಹೇಳ್ಬೇಡ ಅಂದೆ. ಮೂರನೇ ದಿನ ಡ್ರಿಪ್ ಹಾಕಿಸಬೇಕಾಯಿತು. ಜ್ವರ ಬಂದಿದ್ದಕ್ಕಲ್ಲ, ಪಾರ್ಕಿಗೆ ಹೋಗಿದ್ದಕ್ಕೂ ಅಲ್ಲ, ಮಗುವಿನ ಬಾಯಿ ಮುಚ್ಚಿಸಿದ್ರಲ್ಲ, ಅದಕ್ಕೆ ಹೋಗ್ತಿದೀನಿ ಅಂದೆ ನೀನು. ಆ ಮಾತು ನನಗೆ ಬಾಯಿಪಾಠ ಆಗಿದೆ.

ಅದಕ್ಕೇ ಬೇಡಿಕೊಳ್ಳುತ್ತೇನೆ ತನುಜಾ. ಭಾನುವಾರ ಕಿತ್ತುಕೊಳ್ಳಬೇಡ. ಈಜುಕೊಳ ಬೇಡ, ಸಿಂಹ ಬೇಡ, ಯಾವುದೂ ಬೇಡ. ನಿಮ್ಮ ಜಗುಲಿಯ ಮೇಲೇ ಕೂತು ಅವಳ ಹೇನು ತೆಗೆಯುತ್ತೇನೆ. ಹನ್ನೆರಡರ ಮಗ್ಗಿ ನನಗೂ ಸರಿಯಾಗಿ ಬರುವುದಿಲ್ಲ, ಇಬ್ಬರೂ ಕಲಿಯುತ್ತೇವೆ. ಅತ್ತೆಯವರು ಕಿಟಕಿಯಿಂದ ನೋಡುತ್ತಿರಲಿ. ಒಂದು ಗಂಟೆ ಸಾಕು. ಅರ್ಧ ಗಂಟೆ ಕೊಟ್ಟರೂ ಸಾಕು. ಇನ್ನು ಮುಂದೆ ನಿನ್ನಿಂದ ಏನನ್ನೂ ಮುಚ್ಚಿಡುವುದಿಲ್ಲ. ಅವಳಿಲ್ಲದ ಭಾನುವಾರವನ್ನು ಈ ಮನೆಯಲ್ಲಿ ಕಳೆಯುವುದು ನನ್ನಿಂದ ಆಗುವುದಿಲ್ಲ.

ಇನ್ನೂ ನಿನ್ನವನೇ ಅಂದುಕೊಂಡಿರುವ
ಜ್ಞಾನೇಶ್

ತಾ.ಕ.: ಕವರಿಗೆ ಅಂಟು ಹಚ್ಚುವಷ್ಟರಲ್ಲಿ ನಿನ್ನ ಫೋನಿಂದ ಅಮೂಲ್ಯಾ ಮಾಡಿದಳು. ನೀನು ಮಹಡಿಯಲ್ಲಿ ಬಟ್ಟೆ ಒಣಗಿಸುತ್ತಿದ್ದೆಯಂತೆ. ಪಿಸುಮಾತಿನಲ್ಲಿ ಹೇಳಿದಳು: ‘ಅಪ್ಪ, ಕರಡಿಗೇನ ನಾನೇ ತೆಗೆದು ನೀರಿಗೆ ಎಸೆದೆ ಅಂತ ಅಜ್ಜಿಗೆ ಹೇಳಿದೀನಿ. ಈಗ ನಿನ್ ಮೇಲೆ ಯಾರಿಗೂ ಕೋಪ ಇಲ್ಲ. ಭಾನುವಾರ ಬಾ. ಅಮ್ಮಂಗೆ ಹೇಳ್ಬೇಡ.’

ಅವಳು ಎಸೆದಿಲ್ಲ ತನುಜಾ. ಕರಡಿಗೆ ಸೋಮವಾರ ಸಂಜೆಯೇ ಸಿಕ್ಕಿತು. ಸ್ಕೂಟರಿನ ಡಿಕ್ಕಿಯಲ್ಲಿ, ಅವಳ ಸಾಕ್ಸಿನೊಳಗಿತ್ತು. ಬಿದ್ದುಹೋಗದಿರಲಿ ಅಂತ ನಾನೇ ಅದರೊಳಗೆ ಹಾಕಿ ಗಂಟು ಕಟ್ಟಿದ್ದೆ. ಲಿಂಗವನ್ನು ಕಾಲುಚೀಲದಲ್ಲಿ ಇಟ್ಟಿದ್ದೆ ಅಂತ ಅತ್ತೆಗೆ ಹೇಳಲು ಬಾಯಿ ಬರಲಿಲ್ಲ, ಅದು ಮೊದಲ ದಿನದ ಕಾರಣ. ಮಂಗಳವಾರ ಹೇಳಿಯೇ ಬಿಡಬೇಕು ಅಂತ ಫೋನ್ ಎತ್ತಿದೆ. ಸಿಕ್ತಾ ಅಂದೆ ನೀನು. ಸಿಕ್ಕಿತು ಅಂದಿದ್ದರೆ ನೀನು ಬುಧವಾರ ಫೋನ್ ಮಾಡುತ್ತಿರಲಿಲ್ಲ. ಇಲ್ಲ ಅಂದೆ. ಬುಧವಾರವೂ ಇಲ್ಲ ಅಂದೆ, ನಿನ್ನೆಯೂ ಇಲ್ಲ ಅಂದೆ. ನಿಮ್ಮಮ್ಮ ಅಲ್ಲಿ ಉಪವಾಸ ಇರುವಾಗ ಅದು ಇಲ್ಲಿ ನನ್ನ ದೇವರ ಗೂಡಿನಲ್ಲಿತ್ತು.

ಈ ಕಾಗದ ಅಂಚೆಗೆ ಹಾಕುತ್ತಿಲ್ಲ. ಈಗಲೇ ಬಸ್ಸು ಹತ್ತುತ್ತೇನೆ, ಕರಡಿಗೆಯ ಜೊತೆ ಇದನ್ನೂ ನಿನ್ನ ಕೈಗೆ ಕೊಡುತ್ತೇನೆ. ಒಳಗೆ ಬರುವುದಿಲ್ಲ, ಭಾನುವಾರದ ಮಾತೂ ಎತ್ತುವುದಿಲ್ಲ. ಅಮೂಲ್ಯಾಳನ್ನು ಒಂದು ನಿಮಿಷ ಬಾಗಿಲಿಗೆ ಕಳಿಸು. ಸುಳ್ಳು ಹೇಳಿದ್ದು ಅಪ್ಪ ಅಂತ ನಿಮ್ಮೆಲ್ಲರ ಮುಂದೆ ಅವಳಿಗೆ ನಾನೇ ಹೇಳಬೇಕು.